ನೆಲಕ್ಕಿಳಿದ ರೆಕ್ಕೆಗಳು

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಈ ಮೂರು ಪಟ್ಟಣಗಳನ್ನು ಒಂದೇ ರೈಲುಹಾದಿ ಪೋಣಿಸಿದೆ. ಗೌರಿಬಿದನೂರಿನ ಹಾದಿ ಬೇರೆ. ಅದು ದೊಡ್ಡಬಳ್ಳಾಪುರವನ್ನು ಹಾಯ್ದು ಬರುತ್ತದೆ. ಎರಡು ಹಾದಿಗಳೂ ಬಂದು ಕೂಡುವ ಊರು ಯಲಹಂಕ. ಅಲ್ಲಿಯೇ ವಾಯುಪಡೆಯ ನೆಲೆಯೂ ಇದೆ. 1996ರಲ್ಲಿ ಆರಂಭವಾದ ವೈಮಾನಿಕ ಪ್ರದರ್ಶನ ಅಲ್ಲಿ ನಡೆಯುವ ದಿನಗಳಲ್ಲಿ ಬಳ್ಳಾರಿ ರಸ್ತೆಯುದ್ದಕ್ಕೂ ಬಸ್ಸಿನ ಪ್ರಯಾಣಿಕರ ಕತ್ತುಗಳೆಲ್ಲ ಕಿಟಕಿಯ ಹೊರಗಿರುತ್ತವೆ. ಹಾರುವ ವಿಮಾನವನ್ನು ನೋಡಲು ಮಕ್ಕಳಿಗೂ ಮುದುಕರಿಗೂ ಸಮಾನವಾದ ಆಸೆ. ಆದರೆ ಹಾರಾಟ ಮುಗಿಸಿ, ಎಂಜಿನ್ನು ಮೌನವಾಗಿ, ನೆಲದ ಮೇಲೆ ನಿಂತುಬಿಟ್ಟ ಹಳೆಯ ಯುದ್ಧವಿಮಾನಗಳನ್ನು ಅರಸಿಕೊಂಡು ಹೋಗುವವರು ವಿರಳ. ಈ ನಾಲ್ಕು ಊರುಗಳಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಅಂತಹದೊಂದು ಯಾತ್ರೆ ಉಂಟು.

ಈ ಸೀಮೆಗೂ ಆಕಾಶಕ್ಕೂ ಇರುವ ನಂಟು ಹೊಸದಲ್ಲ. ಗೌರಿಬಿದನೂರಿನ ಬಯಲಿನಲ್ಲಿ 1970ರ ದಶಕದಿಂದ ರೇಡಿಯೋ ದೂರದರ್ಶಕವೊಂದು ಸೂರ್ಯನ ಸೊಲ್ಲಿಗೆ ಕಿವಿಗೊಟ್ಟು ನಿಂತಿದೆ. ಶಿಡ್ಲಘಟ್ಟದ ಹೆಸರು ಹೇಳಿದರೆ ರೇಷ್ಮೆಗೂಡು ನೆನಪಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಧುಮುಕುಕೊಡೆಗಳಿಗೆ ಬೇಕಾಗಿ ಮೈಸೂರು ಸೀಮೆಯ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂದಿತ್ತು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರ ಸಮಾಧಿಯೂ ಅಲ್ಲಿಯೇ ಇದೆ. ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸಬೇಕೆಂದು 1930ರ ದಶಕದಲ್ಲಿ ಅವರು ವಾಲ್‌ಚಂದ್ ಹೀರಾಚಂದರೊಡನೆ ಬಹಳವಾಗಿ ಶ್ರಮಿಸಿದರು. ಪರಸರ್ಕಾರದ ಅನುಕೂಲ ದೊರೆಯದೆ ಆ ಕನಸು ಕೈಗೂಡಲಿಲ್ಲ. ಆದರೆ 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದರು ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನೇ ತೆರೆದರು. ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಭೂಮಿಯನ್ನು ಕೊಟ್ಟು, 25 ಲಕ್ಷ ರೂಪಾಯಿಗಳ ಬಂಡವಾಳವನ್ನೂ ಹೂಡಿತು. ಇಂದಿನ ಎಚ್‌ಎಎಲ್ ಸಂಸ್ಥೆಯ ಮೂಲ ಅದು.

ಯಾತ್ರೆಯ ಮೊದಲನೆಯ ತಾಣ ಕಸ್ತೂರಬಾ ರಸ್ತೆಯಲ್ಲಿರುವ, ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತ ಔದ್ಯೋಗಿಕ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಅವರು ಕಣ್ಮುಚ್ಚಿದ 1962ರಲ್ಲಿಯೇ ಇದರ ಕಟ್ಟಡವನ್ನು ಪ್ರಧಾನಿ ನೆಹರೂ ಅವರು ಉದ್ಘಾಟಿಸಿದರು. ಅದರ ಅಂಗಳದಲ್ಲಿ, ಬಯಲಿನಲ್ಲಿ, ಚೂಪು ಮೂತಿಯ ವಿಮಾನವೊಂದು ನಿಂತಿದೆ. ಸುಮಾರು 16 ಮೀಟರು ಉದ್ದ. ಹಿಂದಕ್ಕೆ ಬಾಗಿದ ರೆಕ್ಕೆಗಳ ತುದಿಯಿಂದ ತುದಿಗೆ 9 ಮೀಟರು. ಇದು ‘ಮಾರುತ’, ಭಾರತದ ನೆಲದಲ್ಲಿ ರೂಪುಗೊಂಡ ಮೊಟ್ಟಮೊದಲ ಜೆಟ್ ಯುದ್ಧವಿಮಾನ.

ಮಾರುತದ ಜಾತಕವೇ ವಿಚಿತ್ರವಾದುದು. ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೆಸರಾಂತ ವಿಮಾನಗಳನ್ನು ರಚಿಸಿದ್ದ ಕುರ್ಟ್ ಟಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಇಲ್ಲಿನ ಎಂಜಿನಿಯರುಗಳೊಡನೆ ಕುಳಿತು ಇದರ ನಕ್ಷೆಗಳನ್ನು ಬರೆದ. ಲೋಹದ ವಿಮಾನಕ್ಕೆ ಮೊದಲು ಅದೇ ಅಳತೆಯ ಮರದ ಗ್ಲೈಡರೊಂದನ್ನು ಕಟ್ಟಿ, 1959ರಲ್ಲಿ ಡಕೋಟಾ ವಿಮಾನದ ಬಾಲಕ್ಕೆ ಬಿಗಿದು ಮೇಲಕ್ಕೆಳೆದು ಹಾರಿಸಿ ನೋಡಿದರು. ಕೊನೆಗೆ 1961ರ ಜೂನ್ 17ರಂದು ನಿಜವಾದ ಮಾರುತ ಬೆಂಗಳೂರಿನ ಆಕಾಶಕ್ಕೆ ಏರಿತು. ಅದನ್ನು ನಡೆಸಿದವರು ಪರೀಕ್ಷಾ ವೈಮಾನಿಕ ಸುರಂಜನ್ ದಾಸ್.

ಪರೀಕ್ಷಾ ವೈಮಾನಿಕನ ಕಾಯಕ ಸಾಮಾನ್ಯರ ಊಹೆಗೆ ನಿಲುಕುವುದು ಕಷ್ಟ. ಸೈನಿಕನಿಗೆ ಶತ್ರು ಎದುರಿಗಿರುತ್ತಾನೆ. ಇವನಿಗೆ ತಾನು ಕುಳಿತ ಯಂತ್ರದೊಳಗೆ ಅಡಗಿರುವ ದೋಷವೇ ಶತ್ರು. ಅದನ್ನು ಕಂಡುಹಿಡಿದು ಬಂದು ಹೇಳಿದರೆ ಮುಂದೆ ಆ ವಿಮಾನವನ್ನು ಏರುವ ನೂರಾರು ತರುಣರ ಜೀವ ಉಳಿಯುತ್ತದೆ. ಮಾರುತಕ್ಕೆ ಇದ್ದ ದೊಡ್ಡ ಕೊರತೆ ಎಂಜಿನ್ನಿನದು. ಶಬ್ದದ ಎರಡರಷ್ಟು ವೇಗವನ್ನು ಗುರಿಯಾಗಿಟ್ಟು ರಚಿಸಿದ ಒಡಲಿಗೆ ತಕ್ಕ ಎಂಜಿನ್ನು ಎಲ್ಲಿಯೂ ದೊರೆಯಲಿಲ್ಲ. ಇಂಗ್ಲೆಂಡಿನ ‘ಆರ್ಫಿಯಸ್’ ಎಂಜಿನ್ನುಗಳೆರಡನ್ನು ಜೋಡಿಸಿ ತೃಪ್ತಿಪಡಬೇಕಾಯಿತು. ಈಜಿಪ್ಟಿನ ಎಂಜಿನ್ನೊಂದನ್ನು ಅಳವಡಿಸುವ ಪ್ರಯತ್ನವೂ ನಡೆದು ನಿಂತುಹೋಯಿತು. ಇದ್ದ ಎಂಜಿನ್ನಿಗೇ ಹೆಚ್ಚಿನ ಬಲವನ್ನು ಕೂಡಿಸಿದ ಹೊಸ ಮಾದರಿಯನ್ನು 1970ರ ಜನವರಿ 10ರಂದು ಪರೀಕ್ಷಿಸಲು ಹೊರಟ ಗ್ರೂಪ್ ಕ್ಯಾಪ್ಟನ್ ದಾಸ್, ವಿಮಾನ ಮೇಲೇಳುತ್ತಿದ್ದಂತೆಯೇ ಅಪಘಾತಕ್ಕೀಡಾಗಿ ಮಡಿದರು. ಆ ವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಮಾರುತ ಮಾತ್ರ ನಿಲ್ಲಲಿಲ್ಲ. ಒಟ್ಟು 147 ವಿಮಾನಗಳು ಕಾರ್ಖಾನೆಯಿಂದ ಹೊರಬಂದವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ, ನೆಲಕ್ಕೆ ತೀರ ಸಮೀಪದಲ್ಲಿ ಹಾರುತ್ತ ಭೂಸೇನೆಗೆ ನೆರವಾದವು. ವೇಗ ಕಡಮೆಯೆಂದು ಹೀಗಳೆದವರೂ ಅದರ ಗಟ್ಟಿತನವನ್ನು ಅಲ್ಲಗಳೆಯಲಿಲ್ಲ. ಈಗ ಸಂಗ್ರಹಾಲಯದ ಅಂಗಳದಲ್ಲಿ ನಿಂತಿರುವ ಮಾರುತ ಈ ಕಥೆಗೆಲ್ಲ ಮೂಕಸಾಕ್ಷಿ.

ಎರಡನೆಯ ತಾಣಕ್ಕೆ ದಾರಿ ಚಿಂತಾಮಣಿಯವರಿಗೆ ಸುಲಭ. ಹೊಸಕೋಟೆಯನ್ನು ದಾಟಿ ಹಳೆಯ ಮದರಾಸು ರಸ್ತೆಯಲ್ಲಿ ಬರುವ ಅವರ ಬಸ್ಸು ಬೈಯಪ್ಪನಹಳ್ಳಿಯ ಬಳಿ ಒಂದು ಅಡ್ಡರಸ್ತೆಯ ಬಾಯಿಯನ್ನು ಹಾಯ್ದು ಹೋಗುತ್ತದೆ. ಅದರ ಹೆಸರು ಸುರಂಜನ್ ದಾಸ್ ರಸ್ತೆ. ನಿತ್ಯ ಆ ಫಲಕವನ್ನು ಓದುವವರಲ್ಲಿ ಅವರು ಯಾರೆಂದು ಬಲ್ಲವರು ಎಷ್ಟು ಮಂದಿಯೋ! ಆ ರಸ್ತೆಯನ್ನು ಹಿಡಿದು ತೆಂಕಣಕ್ಕೆ ಹೋದರೆ ವಿಮಾನಪುರ; ಅಲ್ಲಿಗೆ ಸಮೀಪದಲ್ಲಿಯೇ ಎಚ್‌ಎಎಲ್‌ನವರು 2001ರಲ್ಲಿ ತೆರೆದ ವಿಮಾನ ಸಂಗ್ರಹಾಲಯವಿದೆ.

ಇಲ್ಲಿ ಮರಗಳ ನಡುವೆ ಹಳೆಯ ವಿಮಾನಗಳು ಸಾಲುಗೂಡಿವೆ. ಡಾ. ಘಾಟಗೆಯವರ ರಚನೆಯಾದ ಎಚ್‌ಟಿ-2 ಇದೆ. 1951ರ ಆಗಸ್ಟ್‌ನಲ್ಲಿ ಅದರ ಮೊದಲನೆಯ ನಮೂನೆಯನ್ನು ಜಮಶೇದ್ ಮುನ್ಷಿ ಹಾರಿಸಿದರು. ಮುಂದೆ ಹಲವು ತಲೆಮಾರಿನ ಯೋಧರು ಹಾರಾಟದ ಓನಾಮ ಕಲಿತುದು ಇಂತಹ ವಿಮಾನದಲ್ಲಿಯೇ. 1957ರಿಂದ 2007ರವರೆಗೆ ಅರ್ಧ ಶತಮಾನ ದುಡಿದ ಕ್ಯಾನ್‌ಬೆರಾ ಬಾಂಬರ್ ಜಾತಿಯ ವಿಮಾನವಿದೆ, ಮಿಗ್-21 ಇದೆ, ನ್ಯಾಟ್ ವಂಶದ ಪುಟ್ಟ ವಿಮಾನವೂ ಇದೆ.

ನ್ಯಾಟನ್ನು ಕಂಡ ಮಕ್ಕಳು ಆಟಿಕೆಯೆಂದು ನಕ್ಕರೆ ಆಶ್ಚರ್ಯವಿಲ್ಲ. ಮೂಗಿನಿಂದ ಬಾಲದವರೆಗೆ ಸುಮಾರು 9 ಮೀಟರು ಅಷ್ಟೆ. ಆದರೆ 1965ರ ಸೆಪ್ಟೆಂಬರ್ 3ರಂದು ಸ್ಕ್ವಾಡ್ರನ್ ಲೀಡರ್ ಟ್ರೆವರ್ ಕೀಲರ್ ಇಂತಹ ವಿಮಾನದಲ್ಲಿಯೇ ಸೇಬರ್ ಜೆಟ್ಟನ್ನು ಎದುರಿಸಿ ವೀರಚಕ್ರ ಪಡೆದರು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಸೇಬರುಗಳು ಎರಗಿದಾಗ, ಒಂಟಿ ನ್ಯಾಟಿನಲ್ಲಿ ಅವುಗಳೊಡನೆ ಸೆಣಸಿದ ನಿರ್ಮಲಜಿತ್ ಸಿಂಗ್ ಸೇಖೋನ್ ಹಿಂದಿರುಗಲಿಲ್ಲ. ವಾಯುಪಡೆಗೆ ದೊರೆತ ಒಂದೇ ಒಂದು ಪರಮವೀರಚಕ್ರ ಅವರದು. ಕೀಲರರ ಕಾಳಗ ನಡೆದ ದಿನವೇ ಗಡಿಯಾಚೆಯ ಪಸ್ರೂರಿನಲ್ಲಿ ಇಳಿದು ಸೆರೆಯಾದ ನ್ಯಾಟೊಂದು ಇಂದಿಗೂ ಕರಾಚಿಯ ಸಂಗ್ರಹಾಲಯದಲ್ಲಿದೆ. ಒಂದೇ ಜಾತಿಯ ಯಂತ್ರ ಇಲ್ಲಿ ಹೆಮ್ಮೆಯ ವಸ್ತು, ಅಲ್ಲಿ ಗೆಲುವಿನ ಗುರುತು.

ಕನ್ನಡ ನಾಡಿನ ಮನೆಗಳಲ್ಲಿ ಮಕ್ಕಳಿಗೆ ಹೇಳಲೇಬೇಕಾದ ಹೆಸರು ಇನ್ನೊಂದು: ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರ ಮುಂಜಾನೆ ಸರ್ಗೋಧಾದ ಮೇಲೆ ಹೊರಟ ದಾಳಿಯಲ್ಲಿ ಅವರು ಫ್ರೆಂಚ್ ನಿರ್ಮಾಣದ ಮಿಸ್ಟೇರ್ ವಿಮಾನದಲ್ಲಿದ್ದರು. ಅಟ್ಟಿಬಂದುದು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್. ಓಡಿ ತಪ್ಪಿಸಿಕೊಳ್ಳುವಂತಿರಲಿಲ್ಲ, ದೇವಯ್ಯನವರು ತಿರುಗಿ ನಿಂತು ಕಾದಿ ಅದನ್ನು ಕೆಡವಿದರು. ತಾವೂ ಮರಳಲಿಲ್ಲ. ಸ್ಟಾರ್‌ಫೈಟರಿನ ಚಾಲಕ ಧುಮುಕುಕೊಡೆಯಿಂದ ಇಳಿದು ಬದುಕಿದ. ಆ ಹೋರಾಟದ ವಿವರ ಹೊರಬಿದ್ದುದು ವರ್ಷಗಳ ಮೇಲೆ, ಇಂಗ್ಲಿಷ್ ಲೇಖಕನೊಬ್ಬನ ಗ್ರಂಥದಿಂದ. ದೇಶ ಅವರಿಗೆ ಮಹಾವೀರಚಕ್ರ ಸಲ್ಲಿಸಿದಾಗ 1988. ಇಪ್ಪತ್ತಮೂರು ವರ್ಷ ಅವರ ಮನೆಯವರು ಏನನ್ನು ನೆನೆದು ದಿನ ನೂಕಿದರೋ! ಇಂದು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ಅವರದೇ ಜಾತಿಯ ಮಿಸ್ಟೇರ್ ಒಂದನ್ನು ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿ ನೋಡಬಹುದು.

ಇಲ್ಲಿಯೇ ಯಾತ್ರಿಕನ ಮನಸ್ಸಿಗೆ ಒಂದು ವಿಷಯ ಹೊಳೆಯದೆ ಇರದು. ದೇವಯ್ಯನವರ ಮಿಸ್ಟೇರ್ ಹೊಲದಲ್ಲಿ ಚೂರಾಯಿತು. ಸೇಖೋನರ ನ್ಯಾಟು ಕಣಿವೆಯ ಪಾಲಾಯಿತು. ದಾಸ್ ಅವರ ಕೊನೆಯ ಮಾರುತ ಬೆಂಗಳೂರಿನ ಮಣ್ಣಿನಲ್ಲಿ ಉರಿದುಹೋಯಿತು. ಪರಮ ಸಾಹಸವನ್ನು ಕಂಡ ಯಂತ್ರಗಳು ಉಳಿಯಲಿಲ್ಲ. ಉಳಿದಿರುವುವು ಅವುಗಳ ಒಡಹುಟ್ಟುಗಳು; ಕ್ಷೇಮವಾಗಿ ನೆಲ ಮುಟ್ಟಿದಂಥವು. ಹಾಗೆಂದು ಇವುಗಳ ಬೆಲೆ ಕಡಮೆಯಲ್ಲ. ಅಷ್ಟು ಇಕ್ಕಟ್ಟಾದ ಪೀಠದಲ್ಲಿ, ಅಷ್ಟು ತೆಳುವಾದ ತಗಡಿನ ಹಿಂದೆ ಮನುಷ್ಯನೊಬ್ಬ ಕುಳಿತಿದ್ದನೆಂಬುದನ್ನು ಯಾವ ಪುಸ್ತಕವೂ ಇವು ತೋರಿಸುವಂತೆ ತೋರಿಸಲಾರದು.

ಹಳೆಯದನ್ನು ಉಳಿಸುವ ವಿದ್ಯೆ ಬೆಂಗಳೂರಿಗೆ ಹೊಸತೂ ಅಲ್ಲ. ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಲಸಕ್ಕೆ ಬಾರದಂತೆ ಮಾಡಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಅದೇ ಜಮಶೇದ್ ಮುನ್ಷಿಯವರು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿನ ಕೆಲಸಗಾರರು ಅವುಗಳಿಗೆ ಮತ್ತೆ ಜೀವ ಕೊಟ್ಟರು. 1968ರವರೆಗೆ ಅವು ದೇಶಕ್ಕೆ ದುಡಿದವು. ಬೇರೆ ದೇಶಗಳಲ್ಲಿ ಗುಜರಿಗೆ ಹೋದ ಆ ಜಾತಿಯ ವಿಮಾನ ಭಾರತದಲ್ಲಿ ಉಳಿದುದರಿಂದಲೇ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಸಂಗ್ರಹಾಲಯಕ್ಕೂ ಅಮೆರಿಕದ ಸಂಗ್ರಹಾಲಯಗಳಿಗೂ ಇಲ್ಲಿಂದ ಹೋಯಿತು. 2018ರಲ್ಲಿ ‘ಪರಶುರಾಮ’ನೆಂಬ ಹೆಸರಿನ ಡಕೋಟಾ ಇಂಗ್ಲೆಂಡಿನಲ್ಲಿ ದುರಸ್ತಿಗೊಂಡು ನಮ್ಮ ವಾಯುಪಡೆಯನ್ನು ಸೇರಿತು; 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಒಯ್ದ ಡಕೋಟಾದ ಸಂಖ್ಯೆಯನ್ನೇ ಅದರ ಮೈಮೇಲೆ ಬರೆಯಲಾಗಿದೆ.

ಶಾಲೆಯ ಪ್ರವಾಸಗಳು ಪ್ರತಿವರ್ಷ ಈ ನಾಲ್ಕು ತಾಲೂಕುಗಳಿಂದ ಬೆಂಗಳೂರಿಗೆ ಬರುತ್ತವೆ. ಉಪಾಧ್ಯಾಯರು ಕಸ್ತೂರಬಾ ರಸ್ತೆಯ ಮಾರುತದ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅದರ ಉದ್ದಗಲಗಳನ್ನು ಹೇಳುವ ಮುನ್ನ ಸುರಂಜನ್ ದಾಸರ ಹೆಸರನ್ನು ಹೇಳಿದರೆ ಸಾಕು. ಮರಳುವಾಗ ಬಸ್ಸು ಹಳೆಯ ಮದರಾಸು ರಸ್ತೆಯನ್ನು ಹಿಡಿದು ಚಿಂತಾಮಣಿಯ ಕಡೆಗೆ ಹೊರಟರೆ, ಬೈಯಪ್ಪನಹಳ್ಳಿಯ ಆ ಫಲಕವನ್ನು ಕಿಟಕಿಯ ಪಕ್ಕದ ಹುಡುಗನೊಬ್ಬ ಗಟ್ಟಿಯಾಗಿ ಓದುತ್ತಾನೆ. ಉಳಿದವರು ಯಾರೆಂದು ಕೇಳಬೇಕಾಗುವುದಿಲ್ಲ.