ಬಣ್ಣ ನೋಡಬೇಡಿ, ಬುಡ ನೋಡಿ

ಆಗುಂಬೆ ಘಾಟಿಯನ್ನು ನಾನು ಎಷ್ಟು ಸಲ ಇಳಿದಿದ್ದೇನೋ ಲೆಕ್ಕವಿಟ್ಟಿಲ್ಲ. ಕಾಲೇಜು ದಿನಗಳಲ್ಲಿ ಮಿನಿ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಹದಿನಾಲ್ಕು ತಿರುವುಗಳನ್ನೂ ನಿದ್ದೆಯಲ್ಲೇ ದಾಟಿದ್ದುಂಟು. ಆದರೆ 2024ರ ಏಪ್ರಿಲ್ ತಿಂಗಳ ಆ ಬೆಳಿಗ್ಗೆ ನಾವು ನಾಲ್ವರು ಇಳಿಯುತ್ತಿದ್ದುದು ಸೂರ್ಯಾಸ್ತ ನೋಡಲಿಕ್ಕೂ ಅಲ್ಲ, ಉಡುಪಿಯ ಕೃಷ್ಣನನ್ನು ನೋಡಲಿಕ್ಕೂ ಅಲ್ಲ. ಒಂದು ಕಾರು ನೋಡಲಿಕ್ಕೆ. ಅದೂ ಹಳೆಯದು.

ಕಾರು ಬೇಕಾದದ್ದು ನನ್ನ ತಂಗಿಯ ಮಗಳಿಗೆ. ಎಂ.ಎಸ್ಸಿ. ಮುಗಿಸಿ ತೀರ್ಥಹಳ್ಳಿಯಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. ಮನೆ ಕೊಪ್ಪದ ಹತ್ತಿರ. ದಿನವೂ ಹೋಗಿ ಬರುವುದು ಎಂದರೆ ಅರವತ್ತು ಕಿಲೋಮೀಟರಿಗೆ ಮೇಲೆ. ಇಷ್ಟು ದಿನ ಸ್ಕೂಟರಿನಲ್ಲಿ ಓಡಾಡುತ್ತಿದ್ದಳು. ಹಿಂದಿನ ಮಳೆಗಾಲದಲ್ಲಿ ಕುಪ್ಪಳಿಯ ಆಚೆ ರಸ್ತೆಗೆ ಅಡ್ಡ ಬಿದ್ದಿದ್ದ ಕೊಂಬೆಯೊಂದು ಮಬ್ಬಿನಲ್ಲಿ ಕಾಣದೆ ಸ್ಕೂಟರು ಜಾರಿತು. ಮೊಣಕೈಗೆ ಆರು ಹೊಲಿಗೆ. ಅಂದಿನಿಂದ ತಂಗಿಗೆ ಸಂಜೆ ಆರಾದರೆ ಒಳಗೆ ಕೂರಲಾಗುವುದಿಲ್ಲ. "ಅಣ್ಣ, ನಾಲ್ಕು ಚಕ್ರದ್ದು ಏನಾದರೂ ಮಾಡು. ಇನ್ನೊಂದು ಮಳೆಗಾಲ ನನ್ನಿಂದ ಆಗುವುದಿಲ್ಲ" ಎಂದಳು.

ಹಣ ಎರಡೂವರೆ ಲಕ್ಷ. ತೋಟಕ್ಕೆ ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆಯ ಲೆಕ್ಕವೆಲ್ಲ ತಲೆಕೆಳಗಾಗಿತ್ತು. ಹೊಸ ಕಾರಿನ ಮಾತೇ ಇಲ್ಲ. ಅಂದಿನ ದರದಲ್ಲಿ ತೀರ ಸಣ್ಣ ಹೊಸ ಕಾರೂ ತೆರಿಗೆ, ವಿಮೆ ಎಲ್ಲ ಸೇರಿ ರಸ್ತೆಗಿಳಿಯುವಾಗ ಐದು ಲಕ್ಷದ ಹತ್ತಿರ ಹೋಗುತ್ತಿತ್ತು. (ಸಣ್ಣ ಕಾರಿನ ಜಿಎಸ್‌ಟಿಯನ್ನು ಶೇ. 28ರಿಂದ 18ಕ್ಕೆ ಇಳಿಸಿದ್ದು 2025ರ ಸೆಪ್ಟೆಂಬರಿನಲ್ಲಿ. ನಮ್ಮ ಪಾಲಿಗೆ ತಡವಾಯಿತು.) ಸಾಲ ಮಾಡೋಣವೆಂದರೆ ಅತಿಥಿ ಉಪನ್ಯಾಸಕರ ಸಂಬಳ ವರ್ಷದ ಹನ್ನೆರಡೂ ತಿಂಗಳು ಬರುವಂಥದ್ದಲ್ಲ. ಕಂತು ಮಾತ್ರ ಹನ್ನೆರಡೂ ತಿಂಗಳು ಬರುತ್ತದೆ.

ಹಾಗಾಗಿ ನಾನು ನಮ್ಮೂರ ಗ್ಯಾರೇಜಿನ ಮೇಸ್ತ್ರಿಯನ್ನು ಹಿಡಿದೆ. 1997ರಲ್ಲಿ ನಾನು ಮೊದಲ ಕಾರು, ಅದೂ ಒಂದು ಹಳೆಯ ಮಾರುತಿ 800, ಕೊಂಡಾಗಿನಿಂದ ಅವರ ಪರಿಚಯ. ಮಾತು ಕಡಿಮೆ, ಬೀಡಿ ಜಾಸ್ತಿ. ಅವರದೇ ಓಮ್ನಿಯಲ್ಲಿ ಹೊರಟೆವು. ಓಮ್ನಿಯಲ್ಲಿ ಪ್ರಯಾಣ ಮಾಡಿದವರಿಗೆ ಗೊತ್ತು, ಎಂಜಿನ್ನು ಮುಂದಿನ ಸೀಟಿನ ಅಡಿಯಲ್ಲೇ ಇರುತ್ತದೆ. ಏಪ್ರಿಲ್ ಬಿಸಿಲು, ಸೋಮೇಶ್ವರ ತಲುಪುವ ಹೊತ್ತಿಗೆ ನಾನು ಒಲೆಯ ಮೇಲೆ ಕೂತ ಹಾಗಾಗಿದ್ದೆ.

ಉಡುಪಿಯ ಕಾರು ನೋಡಲು ಬಹಳ ಚೆಂದ. ಕೆಂಪು ಬಣ್ಣ, 2014ರ ಮಾದರಿ, ಮಲ್ಪೆಯ ಕಡೆ ಸಮುದ್ರದ ಗಾಳಿ ನೇರವಾಗಿ ಬೀಸುವ ಒಂದು ಮನೆಯ ಅಂಗಳದಲ್ಲಿ ನಿಂತಿತ್ತು. ಅಲೆಯ ಸದ್ದು ಕೇಳುತ್ತಿತ್ತು. ತಂಗಿ ಆಗಲೇ ಹಿಂದಿನ ಸೀಟಿನಲ್ಲಿ ಕೂತು ನೋಡಿದಳು. ಮೇಸ್ತ್ರಿ ಮಾತ್ರ ಬಾಗಿಲನ್ನೂ ತೆರೆಯದೆ ಜೇಬಿನಿಂದ ಒಂದು ಸಣ್ಣ ಅಯಸ್ಕಾಂತ ತೆಗೆದು, ಬಣ್ಣಕ್ಕೆ ಗೀರು ಬೀಳದ ಹಾಗೆ ಕರ್ಚೀಫಿನಲ್ಲಿ ಸುತ್ತಿ, ಚಕ್ರದ ಮೇಲ್ಭಾಗದ ತಗಡಿಗೆ ಹಿಡಿದರು. ಒಂದು ಕಡೆ ಗಟ್ಟಿಯಾಗಿ ಕಚ್ಚಿಕೊಂಡಿತು. ಗೇಣು ದೂರ ಸರಿಸಿದರೆ ಜಾರಿ ಕೈಗೇ ಬಂತು. ಅಲ್ಲಿ ತಗಡಿರಲಿಲ್ಲ, ಪಟ್ಟಿ ಇತ್ತು. ಆಮೇಲೆ ಚಾಲಕನ ಕಾಲಡಿಯ ಚಾಪೆ ಎತ್ತಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರು. ಟಣ್ ಎನ್ನಬೇಕಾದ ಜಾಗದಲ್ಲಿ ಬುರ್ ಎಂದಿತು. ತುಕ್ಕಿನ ಪುಡಿ ಉದುರಿ ಕೆಳಗಿನ ಮರಳು ಕಾಣಿಸಿತು.

"ಮೇಷ್ಟ್ರೇ, ಬಣ್ಣ ನೋಡಬೇಡಿ, ಬುಡ ನೋಡಿ. ಉಪ್ಪಿನ ಗಾಳಿ ಮೇಲಿಂದ ತಿನ್ನುವುದಿಲ್ಲ, ಕೆಳಗಿಂದ ತಿನ್ನುತ್ತದೆ" ಎಂದರು.

ಮಾರುವವರು ಒಳ್ಳೆಯ ಜನ. ಬೊಂಡ ಕೊಚ್ಚಿ ಕೊಟ್ಟರು. ಅವರಿಗೂ ಗೊತ್ತಿರಲಿಲ್ಲವೇನೋ. ಕರಾವಳಿಯ ಕಾರುಗಳೆಲ್ಲ ಹೀಗೇ ಎಂದು ನಾನು ಹೇಳುತ್ತಿಲ್ಲ. ವರ್ಷವರ್ಷ ಅಡಿಭಾಗಕ್ಕೆ ತುಕ್ಕು ನಿರೋಧಕ ಬಳಿಸಿ, ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿ ಅಲ್ಲೂ ಗಟ್ಟಿಯಾಗಿಯೇ ಇರುತ್ತದೆ. ಆದರೆ ಕೆಎ-20 ಎಂಬ ನಂಬರು ಕಂಡರೆ ಮೊದಲು ಚಾಪೆ ಎತ್ತಬೇಕು ಎಂಬುದನ್ನು ಅಂದು ಕಲಿತೆ.

ಘಾಟಿ ಹತ್ತುವಾಗ ಮೇಸ್ತ್ರಿ ಇನ್ನಷ್ಟು ಬಿಚ್ಚಿಕೊಂಡರು. ಅವರ ತಲೆಯಲ್ಲಿ ಕರ್ನಾಟಕದ ಒಂದು ನಕ್ಷೆಯೇ ಇದೆ; ನಮ್ಮ ಶಾಲೆಯ ಗೋಡೆಯ ಮೇಲೆ ನೇತುಹಾಕುತ್ತಿದ್ದ ನಕ್ಷೆಗಿಂತ ಬೇರೆಯದು. ಕರಾವಳಿಯೆಂದರೆ ತುಕ್ಕು. ನಮ್ಮ ಮಲೆನಾಡೆಂದರೆ ಕ್ಲಚ್ಚು, ಬ್ರೇಕು, ಸಸ್ಪೆನ್ಷನ್. ಏರು ಇಳಿತ ಮತ್ತು ತೋಟದ ದಾರಿಯ ಕಲ್ಲು ಅವನ್ನು ಸವೆಸುತ್ತವೆ. ಬಯಲುಸೀಮೆಯೆಂದರೆ ದೂಳು, ಏರ್ ಫಿಲ್ಟರ್ ಬದಲಿಸದವರ ಎಂಜಿನ್ನು ಬೇಗ ಮುದಿಯಾಗುತ್ತದೆ. ಬೆಂಗಳೂರೆಂದರೆ? "ಅಲ್ಲಿ ಕಿಲೋಮೀಟರ್ ಕಡಿಮೆ, ಗಂಟೆ ಜಾಸ್ತಿ" ಎಂದರು. ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ನು ಓಡುತ್ತಲೇ ಇರುತ್ತದೆ, ಮೀಟರು ಮಾತ್ರ ಓಡುವುದಿಲ್ಲ. ಇಷ್ಟು ಸರಳವಾದ ಮಾತು ನನಗೆ ಅದುವರೆಗೂ ಹೊಳೆದಿರಲಿಲ್ಲ.

ಆದರೂ ಬೆಂಗಳೂರಿಗೆ ಹೋದೆವು. ಸಾವಿರಾರು ಗಾಡಿ ಇರುವ ಊರಲ್ಲವೇ, ಆಯ್ಕೆ ಜಾಸ್ತಿ. ತಂಗಿ ಬರಲಿಲ್ಲ. ನಾವು ಮೂವರು ರಾತ್ರಿ ಬಸ್ಸು ಹಿಡಿದು ಇಳಿದು, ಹೊರವರ್ತುಲ ರಸ್ತೆಯ ಬದಿಯ ಒಂದು ದೊಡ್ಡ ಅಂಗಡಿಗೆ ಹೋದೆವು. ಸಾಲಾಗಿ ನಿಲ್ಲಿಸಿದ ಕಾರುಗಳು, ಒಳಗೆಲ್ಲ ಮಲ್ಲಿಗೆಯ ಸೆಂಟು. ಬಿಳಿಯ ಕಾರೊಂದು ಮಾದರಿಗೆ ಹೋಲಿಸಿದರೆ ಅಗ್ಗದಲ್ಲಿತ್ತು. ಮೇಸ್ತ್ರಿಗೆ ಆ ಪರಿಮಳವೇ ಅನುಮಾನ ಹುಟ್ಟಿಸಿತು. ಚಾಲಕನ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರು. ಎಲ್ಲರೂ ಬಳಸುವ ಅರ್ಧಭಾಗ ಕಪ್ಪಗೆ ಹೊಳೆಯುತ್ತಿತ್ತು. ಸುರುಳಿಯ ಒಳಗಿನ ಕೊನೆಯ ಮೊಳದಲ್ಲಿ ಕಂದು ಗೆರೆ. ಕೆಸರು ನೀರು ನಿಂತ ಗುರುತು. ಸ್ಟೆಪ್ನಿ ಎತ್ತಿದರೆ ಅದರ ಕುಳಿಯ ಮೂಲೆಯಲ್ಲಿ ಒಣಗಿದ ಮಣ್ಣು.

2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಯಮಲೂರಿನ ಕಡೆ ಕಾರುಗಳು ನೀರಿನಲ್ಲಿ ಮುಳುಗಿ ನಿಂತ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ಅವು ಎಲ್ಲಿ ಹೋದವು ಎಂದು ಮಾತ್ರ ಯಾರೂ ಕೇಳಲಿಲ್ಲ. ಒಣಗಿಸಿ, ತೊಳೆದು, ಸೆಂಟು ಹೊಡೆದರೆ ಕಣ್ಣಿಗೆ ಹೊಸದೇ. ವೈರುಗಳ ಕೀಲುಗಳಲ್ಲಿ ಪಾಚಿಗಟ್ಟುವುದು ಆಮೇಲೆ, ಒಂದೊಂದಾಗಿ. ಅಂಗಡಿಯ ಹುಡುಗ "ಸಾರ್, ಅದು ಎ.ಸಿ. ನೀರು" ಎಂದ. ಬೆಲ್ಟಿನ ಸುರುಳಿಗೆ ಎ.ಸಿ. ನೀರು ಹತ್ತುವ ವಿದ್ಯೆಯನ್ನು ಮೇಸ್ತ್ರಿ ಕೇಳಿಯೇ ಇರಲಿಲ್ಲ.

ಇನ್ನೊಂದು ಕಡೆ ಗಾಡಿ ಪರವಾಗಿಲ್ಲ ಎನಿಸಿತು. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟಾಗ ಎಂಜಿನ್ನು ತಕ್ಷಣ ನಿಂತುಹೋಯಿತು. ಹಾಗೆ ನಿಂತರೆ ಕ್ಲಚ್ಚು ಗಟ್ಟಿ, ನಿಲ್ಲದೆ ಗುರುಗುಟ್ಟಿದರೆ ಸವೆದಿದೆ ಎಂದರ್ಥ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹಾಲಿನಂಥ ನೊರೆಯೂ ಇಲ್ಲ. ಆದರೆ ನಮ್ಮ ಹುಡುಗಿ ಮೊಬೈಲಿನ ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿ ನೋಡಿದಳು. ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲ ಇನ್ನೂ ಕೂತಿತ್ತು. "ಕ್ಲಿಯರ್ ಆಗಿದೆ, ಪೇಪರ್ ಬರುತ್ತೆ" ಎಂದರು. ಬಂದ ಮೇಲೆ ನಾವೂ ಬರುತ್ತೇವೆ ಎಂದು ಎದ್ದೆವು. ಬ್ಯಾಂಕಿನಿಂದ ಸಾಲ ತೀರಿದ ಪತ್ರ ಮತ್ತು ಫಾರಂ 35 ಇಲ್ಲದೆ ಆ ನಮೂದು ಅಳಿಯುವುದಿಲ್ಲ. ಬಾಯಿಮಾತಿಗೆ ಆರ್.ಟಿ.ಓ.ದಲ್ಲಿ ಕೌಂಟರಿಲ್ಲ.

ಉಳಿದ ಮಧ್ಯಾಹ್ನವನ್ನು ಜೆ.ಸಿ. ರಸ್ತೆಯಲ್ಲಿ ಕಳೆದೆವು. ಅಂಗಡಿಯ ಮುಂದೆ ಅಂಗಡಿ, ಎಲ್ಲೆಲ್ಲೂ ವಾಹನದ ಬಿಡಿಭಾಗಗಳು: ಸೈಲೆನ್ಸರ್, ಸೀಟ್ ಕವರ್, ಬಂಪರ್, ಹೆಡ್‌ಲೈಟು. ಹುಡುಗಿ ನೋಟ್‌ಬುಕ್ಕಿನಲ್ಲಿ ಮೂರು ನಾಲ್ಕು ಕಾರುಗಳ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಶಾಕ್ ಅಬ್ಸಾರ್ಬರ್ ಬೆಲೆ ಬರೆದುಕೊಂಡಳು. ವಿಜ್ಞಾನ ಓದಿದವಳು, ಕೋಷ್ಟಕ ಹಾಕದೆ ಮನಸ್ಸು ನಿಲ್ಲದು. ಕಾರು ಕೊಳ್ಳುವ ಮೊದಲು ಅದರ ಬಿಡಿಭಾಗದ ಬೆಲೆ ವಿಚಾರಿಸುವವರನ್ನು ನಾನು ನೋಡಿದ್ದು ಅದೇ ಮೊದಲು.

ಆ ರಾತ್ರಿ ಬಸ್ಸಿನಲ್ಲಿ ಒಂದು ಸಣ್ಣ ಜಗಳವಾಯಿತು. ಮೇಸ್ತ್ರಿಯ ಅಭಿಪ್ರಾಯ: 2012ರ ಆಸುಪಾಸಿನ ಎಂಟುನೂರು ಸಿ.ಸಿ. ಗಾಡಿ ಒಂದೂಮುಕ್ಕಾಲು ಲಕ್ಷಕ್ಕೆ ಸಿಗುತ್ತದೆ, ಯಾವ ಹಳ್ಳಿಯಲ್ಲಿ ಕೈಕೊಟ್ಟರೂ ರಿಪೇರಿ ಬಲ್ಲವನಿದ್ದಾನೆ, ಉಳಿದ ಹಣ ಬ್ಯಾಂಕಿನಲ್ಲಿರಲಿ. ನಾನು ತಲೆಯಾಡಿಸಿದೆ. ಹುಡುಗಿ ಒಪ್ಪಲಿಲ್ಲ.

"ಮಾವ, ಸ್ಕೂಟರಿಂದ ಬಿದ್ದೆ ಅಂತಲ್ಲವಾ ಕಾರು ತೆಗೆಯುವುದು? ಹಾಗಾದರೆ ಗುದ್ದಿದರೆ ಏನಾಗುತ್ತದೆ ಅಂತ ಮೊದಲು ನೋಡಬೇಕಲ್ಲ."

ಅವಳು ಓದಿಕೊಂಡೇ ಬಂದಿದ್ದಳು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಮಾರುತ್ತಿದ್ದ ಐದು ಸಣ್ಣ ಕಾರುಗಳನ್ನು, ಏರ್‌ಬ್ಯಾಗ್ ಇಲ್ಲದ ಅಗ್ಗದ ಮಾದರಿಗಳನ್ನು, ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ಆಲ್ಟೊ 800, ನ್ಯಾನೊ, ಫಿಗೊ, ಐ10, ಪೋಲೊ: ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ. ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಮತ್ತು ಎಬಿಎಸ್ ಬ್ರೇಕು ಕಡ್ಡಾಯವಾದದ್ದು 2019ರಲ್ಲಿ. ಅಂದರೆ ನಮ್ಮ ಹಣಕ್ಕೆ ಸಿಗುವ ಹೆಚ್ಚಿನ ಗಾಡಿಗಳು ಅದಕ್ಕಿಂತ ಹಿಂದಿನವು. ಮಳೆಯಲ್ಲಿ ತಕ್ಷಣ ಬ್ರೇಕು ಹಾಕಿದರೆ ಚಕ್ರ ಕಚ್ಚಿಕೊಂಡು ಜಾರುವುದನ್ನು ತಪ್ಪಿಸುವುದೇ ಎಬಿಎಸ್ಸಿನ ಕೆಲಸ. ನಮ್ಮ ರಸ್ತೆಗೆ ಅದಿಲ್ಲದೆ ಹೇಗೆ ಎಂದಳು.

ಮೈಲೇಜು ಎಷ್ಟು ಎಂದು ಎಲ್ಲ ಕಡೆ ಕೇಳುತ್ತಾ ಬಂದಿದ್ದ ನನಗೆ ನಾಚಿಕೆಯಾಯಿತು. 27 ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಈ ಪ್ರಶ್ನೆಯನ್ನು ಯಾರಿಗೂ ಕೇಳಿದವನಲ್ಲ. ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೀಚರಮ್ಮ ಹೇಳುವುದು ಸರಿ. ಆದರೆ ಎರಡೂವರೆಗೆ ಆಗುವುದಿಲ್ಲ" ಎಂದರು. ಹುಡುಗಿ ಆಗಲೇ ನಿರ್ಧರಿಸಿಯಾಗಿತ್ತು. ಸ್ಕೂಟರು ಮಾರುವುದು.

ಕೊನೆಗೆ ಕಾರು ಸಿಕ್ಕಿದ್ದು ಶಿವಮೊಗ್ಗದಲ್ಲಿ, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಮೇಸ್ತ್ರಿಗೆ ಪರಿಚಯದವರೊಬ್ಬರ ಮೂಲಕ. ಅಲ್ಲಿ ನೋಡಿದ ಒಂದು ಟಿಯಾಗೊ ಮನಸ್ಸಿಗೆ ಬಂದಿತ್ತು. 2020ರ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆದ ಹೆಸರು. ಬೆಲೆ ಕೈಗೆ ನಿಲುಕಲಿಲ್ಲ. ನಮ್ಮ ಪಾಲಿಗೆ ಬಂದದ್ದು 2017ರ ವ್ಯಾಗನಾರ್. ಹೆಚ್ಚು ಹಣ ಕೊಟ್ಟವರಿಗೆ ಕಂಪನಿಯೇ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಹಾಕಿಕೊಡುತ್ತಿದ್ದ ಮಾದರಿ. ಗುದ್ದುವ ಪರೀಕ್ಷೆಯಲ್ಲಿ ಅದೇನೂ ಶೂರನಲ್ಲ. 2019ರಲ್ಲಿ ಅದರ ಮುಂದಿನ ಪೀಳಿಗೆಗೇ ಸಿಕ್ಕಿದ್ದು ಎರಡು ನಕ್ಷತ್ರ. ಇದು ಹುಡುಗಿಗೂ ಗೊತ್ತಿತ್ತು. ಇರುವುದರಲ್ಲಿ ಆರಿಸಿಕೊಂಡಳು.

ಮಾರುವವರು ನಿವೃತ್ತ ಬ್ಯಾಂಕ್ ನೌಕರರು, ಮೊದಲ ಮಾಲೀಕರು. ಬ್ಯಾಂಕಿನವರ ಶಿಸ್ತು ನೋಡಿ: ಸರ್ವಿಸಿನ ಒಂದೊಂದು ಬಿಲ್ಲೂ ತಾರೀಕಿನ ಪ್ರಕಾರ ಫೈಲಿನಲ್ಲಿತ್ತು. ಮೀಟರು 38,000 ಕಿ.ಮೀ. ತೋರಿಸುತ್ತಿತ್ತು, ಬಿಲ್ಲುಗಳ ಅಂಕಿ ಅದಕ್ಕೆ ಹೊಂದುತ್ತಿತ್ತು, ಪೆಡಲಿನ ರಬ್ಬರೂ ಹೌದೆನ್ನುತ್ತಿತ್ತು. ಟೈರಿನ ಬದಿಯ ನಾಲ್ಕಂಕಿ ಮಾತ್ರ 2317. ಅಂದರೆ 2017ರ 23ನೇ ವಾರದಲ್ಲಿ ತಯಾರಾದವು. ಗೆರೆ ಸವೆದಿರದಿದ್ದರೂ ರಬ್ಬರಿಗೆ ವಯಸ್ಸಾಗಿದೆ. ಆ ನೆಪದಲ್ಲಿ ಮೇಸ್ತ್ರಿ ಮೂರು ಲಕ್ಷದ ಐದು ಸಾವಿರವನ್ನು ಎರಡು ಲಕ್ಷದ ತೊಂಬತ್ತೈದಕ್ಕೆ ಇಳಿಸಿದರು. ಸ್ಕೂಟರಿಗೆ ಮೂವತ್ತೆಂಟು ಬಂದಿತ್ತು. ಉಳಿದ ಏಳು ಸಾವಿರ ಯಾರು ಹಾಕಿದರೆಂದು ತಂಗಿಗೆ ಇನ್ನೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ. ಅದೇ ದಿನ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡೆವು. ವಿಮೆಯನ್ನೂ 14 ದಿನದೊಳಗೆ ಹೆಸರು ಬದಲಿಸಲು ಕೊಡಬೇಕು, ಇದನ್ನು ಬಹಳ ಜನ ಮರೆಯುತ್ತಾರೆ.

ಮನೆಗೆ ತರುವಾಗ ಅವಳೇ ಓಡಿಸಿದಳು. ಗಾಜನೂರಿನ ಅಣೆಕಟ್ಟು, ಸಕ್ರೆಬೈಲು, ಮಂಡಗದ್ದೆ, ಒಂದೊಂದಾಗಿ ಹಿಂದೆ ಸರಿದವು. ಎಡಬಲದಲ್ಲಿ ಕಾಡು, ಮರಗಳ ಸಂದಿಯಲ್ಲಿ ಬೇಸಿಗೆಯ ತುಂಗೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ತೀರ್ಥಹಳ್ಳಿಯ ಸೇತುವೆ ದಾಟುವಾಗ ಮೋಡ ಕವಿದು, ಕುಪ್ಪಳಿ ಬರುವ ಹೊತ್ತಿಗೆ ವರ್ಷದ ಮೊದಲ ಮಳೆ ದಪ್ಪ ಹನಿಯಾಗಿ ಬಿತ್ತು. ಏರಿನಲ್ಲಿ ಮುಂದೆ ಹೋಗುತ್ತಿದ್ದ ಲಾರಿ ಇದ್ದಕ್ಕಿದ್ದಂತೆ ನಿಂತಿತು. ಅವಳು ಬ್ರೇಕು ಒತ್ತಿದಳು. ಪೆಡಲು ಕಾಲಿನಡಿ ಗಡಗಡ ಎಂದಿತು, ಗಾಡಿ ನೆಟ್ಟಗೆ ನಿಂತಿತು.

"ಹಾಗೆ ನಡುಗಿದರೆ ಹೆದರಬೇಡಿ ಟೀಚರಮ್ಮ, ಅದೇ ಎಬಿಎಸ್" ಎಂದರು ಹಿಂದಿನ ಸೀಟಿನಿಂದ ಮೇಸ್ತ್ರಿ. ಅವಳು ಹ್ಯಾಂಡ್‌ಬ್ರೇಕ್ ಎಳೆದು, ನಿಧಾನವಾಗಿ ಕ್ಲಚ್ಚು ಬಿಟ್ಟು, ಗಾಡಿ ಒಂದಿಂಚೂ ಹಿಂದೆ ಜಾರದಂತೆ ಹೊರಡಿಸಿದಳು. ಮನೆಯ ತಿರುವಿನಲ್ಲಿ ತಂಗಿ ಛತ್ರಿ ಹಿಡಿದು ನಿಂತಿದ್ದಳು. ಗಂಟೆ ಆರೂಕಾಲು.