ದಾರವಿಲ್ಲದ ಮೊದಲ ಹೊಲಿಗೆ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನಲ್ಲಿ ಚಿಕ್ಕೇರೂರು ಇದೆ. ಹಿರೇಕೆರೂರು ಅಣ್ಣ, ಚಿಕ್ಕೇರೂರು ತಮ್ಮ ಎಂದು ಹೆಸರುಗಳೇ ಹೇಳುತ್ತವೆ. 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಸೀಮೆ ಇದು. ಸುತ್ತಲೂ ಗೋವಿನಜೋಳದ ಹೊಲಗಳು, ನಡುನಡುವೆ ಹತ್ತಿ.

ಈ ಭಾಗದ ಮನೆಗಳಿಗೆ ಹೊಲಿಗೆ ಹೊಸದಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ ದಾರ ಓಡಿಸಿ ಕೌದಿ ಹೊಲಿಯುವುದು ಅಜ್ಜಿಯರ ವಿದ್ಯೆ. ಅದಕ್ಕೆ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಅಜ್ಜಿಯ ಪಕ್ಕ ಕುಳಿತ ಮೊಮ್ಮಗಳು ನೋಡಿ ನೋಡಿಯೇ ಕಲಿಯುತ್ತಾಳೆ.

ಯಂತ್ರದ ಹೊಲಿಗೆ ಹಾಗಲ್ಲ. ಅದಕ್ಕೊಂದು ತರಗತಿ ಬೇಕು. ಚಿಕ್ಕೇರೂರಿನಂಥ ಊರುಗಳಲ್ಲಿ ಸಮುದಾಯದ ಹೊಲಿಗೆ ತರಗತಿ ಎಂದರೆ ಒಂದು ಕೋಣೆ, ಕೆಲವು ಕಾಲುಯಂತ್ರಗಳು, ಕಲಿಯಬಂದ ಹೆಣ್ಣುಮಕ್ಕಳು. ಮೊದಲ ದಿನವೇ ಕುಪ್ಪಸ ಹೊಲಿಯುವ ಆಸೆ ಎಲ್ಲರಿಗೂ. ಆದರೆ ಮೊದಲ ಪಾಠದಲ್ಲಿ ಬಟ್ಟೆಯೂ ಇಲ್ಲ, ದಾರವೂ ಇಲ್ಲ! ಹಳೆಯ ನೋಟುಬುಕ್ಕಿನ ಗೆರೆಹಾಳೆಯನ್ನು ಸೂಜಿಯ ಕೆಳಗಿಟ್ಟು ಕಾಲು ತುಳಿಯಬೇಕು. ತೂತುಗಳು ಗೆರೆಯ ಮೇಲೆಯೇ ಬೀಳಬೇಕು. ಹೊಸಬರ ಕಾಲು ತಪ್ಪಿ ಗಾಲಿ ಹಿಂದಕ್ಕೆ ತಿರುಗುತ್ತದೆ; ದಾರವಿದ್ದರೆ ಆಗ ಗಂಟುಬಿದ್ದು ಹರಿಯುತ್ತದೆ. ಹಾಳೆಯ ಮೇಲೆ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ನೇರ ಗೆರೆ ಬಂದ ಮೇಲೆ ಚೌಕ, ಆಮೇಲೆ ವೃತ್ತ, ಆನಂತರವೇ ಬಟ್ಟೆ.

ಕೈಸೂಜಿಯ ಕಣ್ಣು ಹಿಂದಿನ ತುದಿಯಲ್ಲಿದ್ದರೆ ಯಂತ್ರದ ಸೂಜಿಯ ಕಣ್ಣು ಮೊನೆಯ ಬಳಿಯಲ್ಲಿದೆ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರ ಇಂಥ ಸೂಜಿಯದೇ. ಸೂಜಿ ಕೆಳಗಿಳಿದು ಮೇಲೇಳುವಾಗ ದಾರ ಸಣ್ಣ ಕುಣಿಕೆಯಾಗುತ್ತದೆ. ಬಾಬಿನ್ನಿನ ದಾರ ಆ ಕುಣಿಕೆಯೊಳಗೆ ಸೇರಿ ಬಿಗಿಯುತ್ತದೆ. ಎರಡೂ ದಾರಗಳ ಬಿಗಿತ ಸಮನಾಗಿದ್ದರೆ ಅವುಗಳ ಹೆಣಿಕೆ ಬಟ್ಟೆಯ ಪದರಗಳ ನಡುವೆ ಅಡಗುತ್ತದೆ. ಮೇಲಿನ ದಾರ ಸಡಿಲವಾದರೆ ಬಟ್ಟೆಯ ಅಡಿಯಲ್ಲಿ ಕುಣಿಕೆಗಳು ಜೋಲುತ್ತವೆ. ಪಠ್ಯದಲ್ಲಿ ಓದಿದ ಬಲಗಳ ಸಮತೋಲ ಇಲ್ಲಿ ಬೆರಳಿಗೆ ಸಿಗುತ್ತದೆ.

ಇನ್ನು ಲೆಕ್ಕ. ಎದೆಯ ಅಳತೆ 32 ಅಂಗುಲ ಬೇಕಾದರೆ ಮಡಿಚಿದ ಬಟ್ಟೆಯ ಮೇಲೆ ಅದರ ನಾಲ್ಕನೆಯ ಒಂದು ಭಾಗ, 8 ಅಂಗುಲ. ಅಷ್ಟಕ್ಕೇ ಕತ್ತರಿಸಿದರೆ ಕೆಟ್ಟಿತು. ಹಿಂದೆ ಎರಡು, ಮುಂದೆ ಎರಡು, ಒಟ್ಟು ನಾಲ್ಕು ಅಂಚುಗಳನ್ನು ಹೊಲಿಗೆ ಅರ್ಧರ್ಧ ಅಂಗುಲ ನುಂಗುತ್ತದೆ. ಅಂಗಿ 30 ಅಂಗುಲಕ್ಕೆ ಇಳಿಯುತ್ತದೆ, ಮೈಗೆ ಏರುವುದಿಲ್ಲ. ಭಿನ್ನರಾಶಿ ಏಕೆ ಕಲಿಯಬೇಕೆಂದು ಕೇಳುವ ಮಕ್ಕಳಿಗೆ ಇದಕ್ಕಿಂತ ನೇರ ಉತ್ತರ ಸಿಗದು.

ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ನಪಾಸಾದ ಮಗಳನ್ನು, 'ಇನ್ನೇನು, ಹೊಲಿಗೆಗಾದರೂ ಹೋಗಲಿ' ಎಂದು ಕಳಿಸುವ ತಂದೆ ತಾಯಿಯರಿದ್ದಾರೆ. ಆ 'ಆದರೂ' ಎಂಬ ಮಾತು ಹುಡುಗಿಯ ಮನಸ್ಸನ್ನು ಚುಚ್ಚುತ್ತದೆ. ಬಿಟ್ಟುಬಂದೆನೆಂದು ಅವಳು ತಿಳಿದ ಗಣಿತವೇ ಟೇಪು ಹಿಡಿದು ಅಲ್ಲಿ ಕಾದಿರುತ್ತದೆ. ಈ ಸಲ ತಪ್ಪಿದರೆ ಕೆಂಪು ಶಾಯಿಯ ಗೆರೆಯಿಲ್ಲ. ಹೊಲಿಗೆ ಬಿಚ್ಚಿ ಮತ್ತೆ ಹಾಕಬಹುದು. ಹಾಗೆ ಬಿಚ್ಚಿ ಹಾಕಿಯೇ ಎಷ್ಟೋ ಮಂದಿಗೆ ಹೆದರಿಕೆ ಬಿಟ್ಟಿದೆ.

ನೇರ ಹೊಲಿಗೆಯ ಬೆಲೆ ತಿಳಿಯಬೇಕಾದರೆ ಅದೇ ಹಳೆಯ ಧಾರವಾಡ ಜಿಲ್ಲೆಯ ಹುಬ್ಬಳ್ಳಿಗೆ ಹೋಗಬೇಕು. ಅಲ್ಲಿನ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಖಾದಿಯ ರಾಷ್ಟ್ರಧ್ವಜ ಹೊಲಿಯುವ ಅಲ್ಲಿನ ಕೆಲಸಗಾರರಲ್ಲಿ ಹೆಚ್ಚಿನವರು ಮಹಿಳೆಯರು. ಧ್ವಜದ ಉದ್ದ ಅಗಲಗಳ ಪ್ರಮಾಣ 3:2. ದೊಡ್ಡ ಧ್ವಜ 21 ಅಡಿ ಉದ್ದ, 14 ಅಡಿ ಅಗಲ. ಚಿಕ್ಕದು 6 ಅಂಗುಲಕ್ಕೆ 4 ಅಂಗುಲ. ಎರಡರಲ್ಲೂ ಮೂರು ಪಟ್ಟಿಗಳು ಸಮನಾಗಿರಲೇಬೇಕು. ಅಲ್ಲಿ ಗೆರೆ ತಪ್ಪುವಂತಿಲ್ಲ.

ಆ ಕೈಗಳೂ ಒಂದು ದಿನ ಹೊಸಬರ ಕೈಗಳೇ. ಚಿಕ್ಕೇರೂರಿನ ಹುಡುಗಿಯೊಬ್ಬಳು ತೂತುಬಿದ್ದ ಹಾಳೆಯನ್ನು ಮನೆಗೆ ತಂದು ತೋರಿಸಿದರೆ, ತಂದೆ ತಾಯಿ ಅದನ್ನು ಬೆಳಕಿಗೆ ಹಿಡಿದು ನೋಡಲಿ. ಗೆರೆ ಎಷ್ಟು ನೇರವಾಗಿದೆ ಎಂದು ಒಂದು ಮಾತು ಹೇಳಲಿ. ಮಗನನ್ನೂ ಒಮ್ಮೆ ಆ ಯಂತ್ರದ ಮುಂದೆ ಕೂರಿಸಿದರೆ ತಪ್ಪೇನೂ ಇಲ್ಲ.