ಜೋಶುವಾ ಮರಗಳ ನಡುವೆ ಎರಡು ರಾತ್ರಿ

ಕಳೆದ ವಸಂತ ರಜೆಯಲ್ಲಿ ಹನ್ನೊಂದು ವರ್ಷದ ಮಗಳೊಡನೆ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದಲ್ಲಿ ಡೇರೆ ಹಾಕಿ ತಂಗಿದ್ದೆ. ಶ್ರೀಮತಿಯವರು ದಾವಣಗೆರೆಯಲ್ಲಿದ್ದರು, ಅತ್ತೆಯವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ ಆರು ದಿನಗಳಷ್ಟೇ ಕಳೆದಿದ್ದವು. ಹೊರಡಲು ನಾನು ಹಿಂಜರಿದಾಗ ಅತ್ತೆಯವರೇ ಫೋನಿನಲ್ಲಿ, "ಮಗೂಗೆ ಮಾತು ಕೊಟ್ಟೀರಿ, ಹೋಗಿ ಬರ್ರಿ" ಎಂದರು.

1994ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಸ್ಥಳದಲ್ಲಿ ಮೊಹಾವಿ ಮತ್ತು ಕೊಲೊರಾಡೊ ಮರುಭೂಮಿಗಳು ಕೂಡುತ್ತವೆ. ನಾವಿಳಿದ ಜಂಬೋ ರಾಕ್ಸ್ ಶಿಬಿರತಾಣದಲ್ಲಿ ನೀರಿಲ್ಲ. ಎಲ್ಲವನ್ನೂ ಕಾರಿನಲ್ಲಿಯೇ ಒಯ್ಯಬೇಕು. ಮುಖ ತೊಳೆಯಲು ಒಬ್ಬರಿಗೆ ಒಂದೇ ಲೋಟವೆಂದು ಮಗಳು ಕಟ್ಟುಮಾಡಿದಳು. ಮನೆಯಲ್ಲಿ ನಲ್ಲಿ ತೆರೆದಿಟ್ಟೇ ಹಲ್ಲುಜ್ಜುವವಳು ಇವಳೇ!

ಜೋಶುವಾ ಮರದ ಎಲೆಗಳು ಕಠಾರಿಯಂತೆ ಚೂಪು. ಅದರ ಹೂವಿಗೆ ಪರಾಗ ಮುಟ್ಟಿಸುವುದು ಯಕ್ಕಾ ಪತಂಗವೊಂದೇ; ಆ ಪತಂಗದ ಮರಿಹುಳುಗಳಿಗೆ ಈ ಮರದ ಬೀಜವೇ ಆಹಾರ. ಇದನ್ನು ಕೇಳಿ ಮಗಳು, "ಒಂದು ಹೋದರೆ ಇನ್ನೊಂದೂ ಇರೋದಿಲ್ಲವಾ ಅಪ್ಪಾಜಿ?" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ ಈಗ ಎದ್ದಿರಬಹುದಾ?" ಎಂದಳು. ಅಲ್ಲಿ ಫೋನ್ ಸಿಗುತ್ತಿರಲಿಲ್ಲ. ಆಕಾಶದ ತುಂಬ ನಕ್ಷತ್ರಗಳಿದ್ದರೂ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮೂರನೆಯ ಬೆಳಿಗ್ಗೆ ಟ್ವೆಂಟಿನೈನ್ ಪಾಮ್ಸ್ ಊರನ್ನು ಮುಟ್ಟಿದೊಡನೆ ಕರೆ ಮಾಡಿದೆವು. ದಾವಣಗೆರೆಯಲ್ಲಿ ಆಗ ರಾತ್ರಿ. ಅತ್ತೆಯವರು ಅಂದು ವಾರ್ಡಿನ ಬಾಗಿಲವರೆಗೆ ತಾವೇ ನಡೆದಿದ್ದರಂತೆ. ಫೋನನ್ನು ನನ್ನ ಕೈಯಿಂದ ಕಸಿದುಕೊಂಡ ಮಗಳು ಅಜ್ಜಿಗೆ ಒಂದು ಲೋಟ ನೀರಿನ ಕಥೆಯನ್ನು ಹೇಳತೊಡಗಿದಳು.